ಅಮ್ಮನ ಪಾದದ ಮಕ್ಕಳು

ಮನೆ, ಹಿಂದಿನ ಕೋಣೆ
ಶನಿವಾರ, ಮಾರ್ಚ್ ೮

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೋ, ಇಲ್ಲ ಹೋದ ಸಲದ ಹಾಗೆ ‘ಹೋಯ್ತು ಹೋಯ್ತು’ ಎಂದು ಹೇಳಿ ಫೋನ್ ಇಡುವ ಮೊದಲೇ ಕೆಮ್ಮುತ್ತೀಯೋ? ಆ ಕ್ರೇನಿನ ಗೂಡಿನಲ್ಲಿ ಅಷ್ಟು ಎತ್ತರಕ್ಕೆ ಕೂತರೆ ಸಮುದ್ರದ ಗಾಳಿ ನೇರ ಎದೆಗೇ ಹೊಡೆಯುತ್ತದೆ ಎಂದು ಅತ್ತಿಗೆ ಹೇಳುತ್ತಿದ್ದರು. ಕಿವಿಗೆ ಮಫ್ಲರ್ ಸುತ್ತಿಕೋ. ಐವತ್ತು ದಾಟಿದವರು ಮಫ್ಲರ್ ಸುತ್ತಿಕೊಂಡರೆ ಬಂದರಿನಲ್ಲಿ ಯಾರೂ ನಗುವುದಿಲ್ಲ. ನಕ್ಕರೆ ನಗಲಿ, ಅವರಿಗೂ ವಯಸ್ಸಾಗುತ್ತದೆ. ಅತ್ತಿಗೆಯ ಕಣ್ಣಿನ ಆಪರೇಷನ್ ಸಲೀಸಾಗಿ ಮುಗಿದದ್ದು ಕೇಳಿ ಮನಸ್ಸು ಹಗುರವಾಯಿತು. ಈಗ ಅವರಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತದಂತೆ. ನಿನ್ನ ಮುಖ ನೋಡಿ ಏನಂದರು ಎಂದು ಮಾತ್ರ ಕೇಳಲಿಲ್ಲ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಬಿಪಿ ಹದ್ದುಬಸ್ತಿನಲ್ಲಿದೆ, ಬಾಯಿ ಮಾತ್ರ ಹದ್ದುಬಸ್ತಿನಲ್ಲಿಲ್ಲ. ನಮ್ಮ ಯಜಮಾನರು ಎಂದಿನಂತೆ ಬಸ್ ಡಿಪೋಗೆ ಹೋಗುತ್ತಾರೆ, ಬರುತ್ತಾರೆ; ಹೋಗುವಾಗ ಎಷ್ಟು ಮಾತೋ ಬರುವಾಗಲೂ ಅಷ್ಟೇ. ನನ್ನದು ಅದೇ ಆಸ್ಪತ್ರೆ, ಅದೇ ಔಷಧಿ ಕೌಂಟರು, ಅದೇ ನಿಂತ ಕೆಲಸ. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳುತ್ತಿರಬೇಕು ನೀನು. ಫೋನಿನಲ್ಲಿ ಅಪ್ಪನ ಮಾತು ಎತ್ತಿದೊಡನೆ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಬಂದರಿನ ತುಂಬ ಟವರುಗಳಿದ್ದೂ ಸರಿಯಾಗಿ ಅದೇ ಹೊತ್ತಿಗೆ ಹೋಗುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ. ಸಿಟ್ಟು ಬಂದು ಮಡಚಿ ಜೇಬಿಗಿಟ್ಟರೂ, ಮತ್ತೆ ತೆಗೆದಾಗ ನಿಲ್ಲಿಸಿದ ಕಡೆಯಿಂದಲೇ ಮಾತು ಶುರುಮಾಡುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಅಪ್ಪ ಇದ್ದಾರೆ. ಬೇಕಾದರೆ ಮಧ್ಯೆ ಎದ್ದು ಒಂದು ಟೀ ಕುಡಿದು ಬಾ, ಆದರೆ ಪೂರ್ತಿ ಓದು.

ಮೊದಲು ನಗುವ ಸುದ್ದಿ. ನಿನ್ನ ತಂಗಿ ಓಡುತ್ತಿದ್ದಾಳೆ. ಬಸ್ಸಿನ ಹಿಂದೆ ಅಲ್ಲ, ಸುಮ್ಮನೆ, ಓಡಬೇಕೆಂದೇ. ಹೋದ ವರ್ಷ ಹೃದಯದ ಡಾಕ್ಟರು ಅಪ್ಪ ದಿನಾ ನಡೆಯಲೇಬೇಕೆಂದರಲ್ಲ, ಅವರೊಬ್ಬರನ್ನೇ ಕಳಿಸಲು ನನಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ನೀರಿನ ಟ್ಯಾಂಕಿನ ಹಿಂದಿನ ಪಾರ್ಕಿಗೆ ಜೊತೆಗೆ ಹೋಗತೊಡಗಿದೆ. ಅಪ್ಪನ ನಡಿಗೆ ಗೊತ್ತಲ್ಲ, ಈಗ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಒಂದು ಯಾತ್ರೆ. ಕೂತು ಸುಧಾರಿಸಿಕೊಳ್ಳುತ್ತಾರೆ, ಅಲ್ಲಿ ಪೇಪರ್ ಓದುವವರ ಹೆಗಲ ಮೇಲಿಂದ ತಾವೂ ಓದುತ್ತಾರೆ, ಅವರು ಪುಟ ಮಗುಚಿದರೆ ಬೇಸರ ಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತು ಕೂತು ನನಗೆ ಸಾಕಾಯಿತು. ಒಂದು ದಿನ ಪಾರ್ಕಿನ ಸುತ್ತ ಒಂದು ಸುತ್ತು ಹಾಕಿ ಬರುತ್ತೇನೆಂದು ಹೊರಟವಳು, ತಿರುವು ದಾಟಿದ ಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಓಡಿದೆ. ಉಸಿರು ಬಾಯಿಗೆ ಬಂತು. ಆದರೆ ಮೈಯಲ್ಲಿ ಎಲ್ಲೋ ಮರೆತುಹೋಗಿದ್ದ ಒಂದು ಕಿಟಕಿ ತೆಗೆದ ಹಾಗಾಯಿತು. ನನ್ನ ಮಗ ಊರು ಬಿಟ್ಟು ಹೋಗುವಾಗ ಮನೆಯಲ್ಲೇ ಬಿಟ್ಟಿದ್ದ ಹಳೆಯ ಶೂ ಹಾಕಿಕೊಂಡು ಮರುದಿನ ಹೋದೆ. ಸ್ವಲ್ಪ ದೊಡ್ಡದು. ಮುಂದೆ ಹತ್ತಿ ತುರುಕಿದೆ.

ಅಪ್ಪ ಮೊದಲು ಕಣ್ಣು ಕಿರಿದು ಮಾಡಿ ನೋಡುತ್ತ ಕೂತಿದ್ದರು. ನಾನು ಅವರ ಬೆಂಚಿನ ಮುಂದೆ ಹಾದುಹೋಗುವಾಗ ಬಂತು ನೋಡು ಆ ದನಿ. “ಭುಜ ಇಳಿಸು. ಮುಷ್ಟಿ ಬಿಗಿ ಹಿಡೀಬೇಡ, ಕೈಯಲ್ಲಿ ಮೊಟ್ಟೆ ಇದೆ ಅಂದ್ಕೋ.” ಪಾರ್ಕಿನವರೆಲ್ಲ ತಿರುಗಿ ನೋಡಿದರು. ಪೇಪರ್ ಓದುತ್ತಿದ್ದವರೂ ಗಾಬರಿಯಿಂದ ಭುಜ ಇಳಿಸಿ ಕೂತರು. ಆ ದನಿ ಕೇಳಿ ಎಷ್ಟು ವರ್ಷವಾಗಿತ್ತು ಅಣ್ಣ. ಕಾಲು ಪಾರ್ಕಿನಲ್ಲಿತ್ತು, ನಾನು ಮಾತ್ರ ಗಿರಣಿ ಮೈದಾನದಲ್ಲಿದ್ದೆ.

ಗಿರಣಿ ಮೈದಾನ ಈಗಿಲ್ಲ. ಅಲ್ಲಿ ಸಾಲಾಗಿ ಗೋದಾಮುಗಳೆದ್ದಿವೆ, ಲಾರಿಗಳು ಹಿಂದೆ ಮುಂದೆ ಬರುತ್ತ ಕೂಗುತ್ತಿರುತ್ತವೆ. ಆದರೆ ನನಗೆ ಕಣ್ಣು ಮುಚ್ಚಿದರೆ ಸಾಕು. ಬೆಳಗಿನ ಪಾಳಿಯ ಸೈರನ್ ಕೂಗುವ ಮೊದಲೇ ಓಟ ಕಲಿಯುವ ಹುಡುಗರು ನೀವೆಲ್ಲ ಬಂದು ನಿಂತಿರುತ್ತಿದ್ದಿರಿ, ಇಬ್ಬನಿಯಲ್ಲಿ ಹುಲ್ಲು ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಅಪ್ಪ ರಾತ್ರಿ ಪಾಳಿ ಮುಗಿಸಿ ನೂಲುವ ವಿಭಾಗದಿಂದ ನೇರ ಅಲ್ಲಿಗೇ ಬರುತ್ತಿದ್ದರು, ತಲೆಗೂದಲ ತುಂಬ ಹತ್ತಿಯ ಚೂರು, ಕೊರಳಲ್ಲಿ ಶಿಳ್ಳೆ. ಮೇಲ್ವಿಚಾರಕ ಎಂದು ಗಿರಣಿಯ ಪುಸ್ತಕದಲ್ಲಿತ್ತೇ ಹೊರತು, ಊರಿಗೆಲ್ಲ ಅವರು ಶಿಳ್ಳೆ ಮೇಷ್ಟ್ರು. ಚಿಮಣಿಯ ನೆರಳು ಮೈದಾನದ ಮೇಲೆ ಅಡ್ಡ ಬೀಳುತ್ತಿತ್ತು, ಅದೇ ನಿಮಗೆ ಗುರುತಿನ ಗೆರೆ. ನಾನು ಮೋರಿಕಟ್ಟೆಯ ಮೇಲೆ ಟವೆಲ್ಲೂ ನೀರಿನ ಕೆಟಲ್ಲೂ ಹಿಡಿದು ಕೂತಿರುತ್ತಿದ್ದೆ. ಹುಡುಗಿಯರು ಓಡುವ ಕಾಲವಲ್ಲ ಅದು, ಆದರೆ ಕೆಟಲ್ ಹಿಡಿಯಲು ಅಡ್ಡಿಯಿರಲಿಲ್ಲ. ಪ್ರತಿ ಸುತ್ತಿಗೂ ನೀನು ಹಾದುಹೋಗುವಾಗ ನನ್ನ ಜಡೆ ಎಳೆದು ಹೋಗುತ್ತಿದ್ದೆ. ಉಸಿರು ಕಟ್ಟಿ ಸಾಯುತ್ತಿದ್ದರೂ ಜಡೆ ಎಳೆಯಲು ಮಾತ್ರ ನಿನಗೆ ಶಕ್ತಿ ಉಳಿದಿರುತ್ತಿತ್ತು. ಎಲ್ಲಿಗೆ ಹೋದರೂ ಹಿಂದೆ ಬರುತ್ತೇನೆಂದು ನನಗೆ ಬಾಲ ಎಂದು ಹೆಸರಿಟ್ಟವನೂ ನೀನೇ.

ಸಂಜೆ ಹೊತ್ತು ಮೈದಾನ ಖಾಲಿಯಾದ ಮೇಲೆ ನಾನು ಕದ್ದು ಓಡುತ್ತಿದ್ದೆ, ನಿನಗೆ ಚಿಕ್ಕದಾದ ಶೂ ಹಾಕಿಕೊಂಡು. ಯಾರಿಗೂ ಗೊತ್ತಿಲ್ಲವೆಂದು ನಾನು ಅಂದುಕೊಂಡಿದ್ದೆ. ಆದರೆ ಆ ಶೂ ಪ್ರತಿದಿನ ಹಿಂಬಾಗಿಲ ಹತ್ತಿರವೇ ಇರುತ್ತಿತ್ತು, ಲೇಸು ಸಡಿಲ ಮಾಡಿ, ಒಳಗೆ ಚಿಂದಿ ತುರುಕಿ. ಅದನ್ನು ನೀನು ಇಡುತ್ತಿದ್ದೆ ಎನ್ನುವುದು ನನಗೆ ಹೊಳೆದದ್ದು ನನ್ನ ಮದುವೆಯಾದ ಮೇಲೆ, ಯಾವುದೋ ಒಂದು ದಿನ, ಪಾತ್ರೆ ತೊಳೆಯುತ್ತಿರುವಾಗ. ಅಷ್ಟು ದಡ್ಡಿ ನಾನು.

ಆ ಶೂಗಳು ನೆನಪಿವೆಯಾ? ಗಿರಣಿಯ ಉಗ್ರಾಣದಿಂದ ಬರುತ್ತಿದ್ದ ಬಿಳಿ ಕ್ಯಾನ್ವಾಸ್, ಕೆಳಗೆ ಕಾಗದದಷ್ಟು ತೆಳ್ಳಗಿನ ರಬ್ಬರು. ದಪ್ಪಗಿದ್ದವನಿಗೂ ಅದೇ, ಕಡ್ಡಿಯಂತಿದ್ದವನಿಗೂ ಅದೇ. ಚಾಕ್‌ಪುಡಿ ಬಳಿದು ಹೊಸ್ತಿಲಲ್ಲಿ ಸಾಲಾಗಿ ಇಟ್ಟರೆ ಅಪ್ಪನದು ನೆಟ್ಟಗೆ ನಿಂತಿರುತ್ತಿತ್ತು. ನಿನ್ನದು ಮಾತ್ರ ಒಳಗಡೆಗೆ ವಾಲಿ, ಒಂದರ ಹೆಗಲಿಗೆ ಇನ್ನೊಂದು ಒರಗಿಕೊಂಡ ಕುಡುಕರ ಹಾಗೆ. ಅದನ್ನು ನೋಡಿ ಅಮ್ಮ ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಕಾಲು ಎಳೆದು ಓಡುವವನ ಶೂ ಹೀಗೇ ಆಗುವುದು ಎನ್ನುತ್ತಿದ್ದರು. ಅಮ್ಮನ ಪಾದ ಹೇಗಿತ್ತು ಗೊತ್ತಲ್ಲ, ಬಚ್ಚಲಿನಿಂದ ಹೊರಗೆ ಬಂದರೆ ಸಿಮೆಂಟಿನ ನೆಲದ ಮೇಲೆ ಪೂರ್ತಿ ಪಾದದ ಗುರುತು, ನಡುವೆ ಎಲ್ಲೂ ಖಾಲಿ ಇಲ್ಲದ ಹಾಗೆ. ಅಪ್ಪನದು ಬೆರಳು, ಹಿಮ್ಮಡಿ, ನಡುವೆ ಹೊರಗಡೆಗೆ ಒಂದು ಸಣ್ಣ ಪಟ್ಟಿ, ಅಷ್ಟೇ. ‘ಬಾತುಕೋಳಿ ಸ್ನಾನ ಮಾಡಿ ಹೋಗಿದೆ’ ಎಂದು ಅಪ್ಪ ತಮಾಷೆ ಮಾಡುವುದು, ‘ಬಾತುಕೋಳಿ ಈಜುತ್ತೆ, ನೀವು ಮುಳುಗ್ತೀರಿ’ ಎಂದು ಅಮ್ಮ ಒಳಗಿನಿಂದಲೇ ತಿರುಗಿ ಹೇಳುವುದು. ಆ ಮನೆಯಲ್ಲಿ ನಗುವೂ ಇತ್ತು ಅಣ್ಣ. ನಾವು ಕೊನೆಯ ವರ್ಷವನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ.

ಆ ವರ್ಷದ ಬಗ್ಗೆ ನಿನಗೆ ನಾನು ಹೇಳಬೇಕಾದ್ದೇನೂ ಇಲ್ಲ, ಆದರೆ ನಾನು ಕಂಡದ್ದನ್ನು ಒಮ್ಮೆ ಹೇಳಿಕೊಳ್ಳುತ್ತೇನೆ. ಜಿಲ್ಲೆಯ ತಂಡದ ಆಯ್ಕೆಯ ಓಟ ಹತ್ತಿರ ಬಂದಂತೆ ಅಪ್ಪ ಸುತ್ತುಗಳನ್ನು ಏರಿಸುತ್ತ ಹೋದರು. ನೀನು ಕಣಕಾಲು ನೋಯುತ್ತದೆ ಎಂದೆ. ಅಮ್ಮ ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟಿನಲ್ಲಿ ನಿನ್ನ ಕಾಲು ಇಳಿಸಿ, ಮೂಳೆಯ ಗುಂಟ ಹೆಬ್ಬೆರಳಿನಿಂದ ಒತ್ತುತ್ತ ಬಂದು ಒಂದು ಕಡೆ ನಿಲ್ಲಿಸಿದರು. ನೀನು ತುಟಿ ಕಚ್ಚಿಕೊಂಡದ್ದು ಅವರಿಗೆ ಕಂಡಿತು. ಅಪ್ಪನಿಗೆ ಹೇಳಿದರು. ಅಪ್ಪನದು ಒಂದೇ ಮಾತು, ಓಡುವುದು ಕಾಲಲ್ಲ, ಎದೆ. ಓಟದ ದಿನ ಕೊನೆಯ ತಿರುವಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ನೀನು, ಗುಂಡು ತಗುಲಿದವನಂತೆ ಬಿದ್ದೆ. ಅಪ್ಪ ಬಂದು ಮೇಲಿಂದ ನಿಂತು, ‘ಇದು ನೋವಲ್ಲ, ಹೆದರಿಕೆ, ಏಳು’ ಎಂದರು. ನಾನು ಕೆಟಲ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಬಿರುಕು ಬಿಟ್ಟಿದ್ದಕ್ಕೆ ಬಿದ್ದೆ ಎಂದು ನೀನು, ಬಿದ್ದಿದ್ದಕ್ಕೆ ಬಿರುಕು ಬಿಟ್ಟಿತು ಎಂದು ಅಪ್ಪ. ಆ ಒಂದು ಮಾತು ಹಿಡಿದು ಮನೆ ಎರಡಾಯಿತು. ಪ್ಲಾಸ್ಟರ್ ತೆಗೆದ ವಾರದಲ್ಲೇ ನೀನು ಬಂದರಿಗೆ ಹೊರಟೆ. ಆಮೇಲೆ ಬಂದದ್ದು ಅಮ್ಮ ಹೋದಾಗ; ಅಂದೂ ನೀವಿಬ್ಬರೂ ಒಂದೇ ಕೋಣೆಯ ಎರಡು ಮೂಲೆಯಲ್ಲಿ ನಿಂತಿದ್ದಿರಿ.

ಈಗ ಪಾರ್ಕಿಗೆ ವಾಪಸು ಬರುತ್ತೇನೆ. ಓಡಿ ಓಡಿ ನನ್ನ ಮೊಣಕಾಲಿನ ಒಳಬದಿಗೆ ನೋವು ಶುರುವಾಯಿತು. ಕೌಂಟರಿನಲ್ಲಿ ದಿನವಿಡೀ ನಿಲ್ಲುವವಳು, ನೋವಿನ ಮುಲಾಮು ಮಾರುವವಳೇ ಮುಲಾಮು ಹಚ್ಚಿಕೊಂಡು ಕೂರುವಂತಾಯಿತು. ನಮ್ಮ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ನೋಡಿ, ಮೊಣಕಾಲಿಗೆ ಏನೂ ಆಗಿಲ್ಲ, ಓಟ ಸ್ವಲ್ಪ ಕಡಿಮೆ ಮಾಡು, ಮೊದಲು ಈ ಮಗನ ಶೂ ಬಿಡು, ನಿನ್ನ ಪಾದಕ್ಕೆ ಹೊಂದುವುದನ್ನು ತೆಗೆದುಕೋ ಎಂದರು. ಹಳೆಯ ಚಿತ್ರಮಂದಿರದ ಹಿಂದೆ ಛತ್ರಿ ಅಂಗಡಿ ಇತ್ತಲ್ಲ, ಅಲ್ಲೀಗ ಓಡುವವರ ಶೂಗಳ ಅಂಗಡಿ. ಅಲ್ಲಿಗೆ ಹೋಗುವಾಗ ಹಳೆಯ ಶೂ ಜೊತೆಗೆ ಒಯ್ಯಬೇಕಂತೆ, ಸಂಜೆಯ ಹೊತ್ತೇ ಹೋಗಬೇಕಂತೆ. ದಿನವೆಲ್ಲ ನಿಂತು ನಡೆದು ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ ಎಂದು. ಅಪ್ಪ ತಾವೂ ಬರುತ್ತೇನೆಂದು ಹೊರಟರು. ಶೂ ಕೊಳ್ಳಲು ಇಷ್ಟೆಲ್ಲ ಜಾತಕ ನೋಡುವುದನ್ನು ತಾವು ಕಂಡಿಲ್ಲವಂತೆ, ಆ ತಮಾಷೆ ನೋಡಲೇಬೇಕಂತೆ. ಹಳೆಯ ಶೂಗಳನ್ನು ಪೇಪರಿನಲ್ಲಿ ಸುತ್ತಿ ತಾವೇ ಕಂಕುಳಲ್ಲಿಟ್ಟುಕೊಂಡರು.

ಅಂಗಡಿಯ ಹುಡುಗಿಗೆ ಮೂವತ್ತರ ಹತ್ತಿರ ಇರಬಹುದು. ಕತ್ತರಿಸಿದ ಕೂದಲು, ಕಾಲೇಜಿನಲ್ಲಿ ಅಡೆತಡೆ ಓಟ ಓಡುತ್ತಿದ್ದವಳಂತೆ. ಅಪ್ಪನನ್ನು ತಾತ ಎಂದು ಕರೆದಳು. ಅಪ್ಪ ಮುಖ ಗಂಟುಹಾಕಿಕೊಂಡು, ತಾನೂ ನಲವತ್ತು ವರ್ಷ ಓಟ ಕಲಿಸಿದವನು ಎಂದರು. ಅವಳು ಸಂತೋಷದಿಂದಲೇ ‘ಹಾಗಾದ್ರೆ ಮೇಷ್ಟ್ರೇ, ನೀವೂ ಜೊತೆಗೆ ನೋಡಿ’ ಎಂದು ಸ್ಟೂಲು ಎಳೆದು ಕೊಟ್ಟಳು. ಹಳೆಯ ಶೂಗಳನ್ನು ಮೇಜಿನ ಮೇಲೆ ಹಿಂದುಮುಂದು ಮಾಡಿ ಇಟ್ಟಳು. ನಾನು ಹಾಕಿದ್ದು ಕೆಲವೇ ತಿಂಗಳು, ಆಗಲೇ ಅವೂ ಒಳಗಡೆಗೆ ವಾಲಿದ್ದವು. ನನಗೆ ನಿನ್ನ ಕುಡುಕರು ನೆನಪಾದರು. ಅಪ್ಪನಿಗೂ ನೆನಪಾಗಿರಬೇಕು, ಸ್ಟೂಲಿನ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿದರು. ಆಮೇಲೆ ನನ್ನ ಎರಡೂ ಪಾದ ಅಳೆದಳು, ನಿಲ್ಲಿಸಿಯೇ ಅಳೆದಳು. ಕೂತರೆ ಒಂದು ಅಳತೆ, ಭಾರ ಬಿದ್ದರೆ ಇನ್ನೊಂದು. ಎಡಗಾಲು ಬಲಗಾಲಿಗಿಂತ ತುಸು ಉದ್ದವಂತೆ. ಇಷ್ಟು ವರ್ಷ ನನ್ನ ಜೊತೆಗೇ ಇದ್ದೂ ಹೇಳಿರಲಿಲ್ಲ ಅದು. ಒದ್ದೆ ಪಾದವನ್ನು ಕಂದು ಕಾಗದದ ಮೇಲೆ ಊರಿಸಿದಳು. ಎತ್ತಿ ನೋಡಿದರೆ ಪೂರ್ತಿ ಪಾದ, ನಡುವೆ ಖಾಲಿಯೇ ಇಲ್ಲ. ಅಪ್ಪ ಮೆಲ್ಲಗೆ “ಇದು ಇವರಮ್ಮನ ಪಾದ” ಎಂದರು, ಅವಳಿಗೋ ನನಗೋ ಗೊತ್ತಾಗಲಿಲ್ಲ.

ಕೊನೆಗೆ ಟ್ರೆಡ್‌ಮಿಲ್ ಮೇಲೆ ಓಡಿಸಿ ಹಿಂದಿನಿಂದ ಫೋನಿನಲ್ಲಿ ವಿಡಿಯೋ ತೆಗೆದಳು. ಅದನ್ನು ಗೋಡೆಯ ದೊಡ್ಡ ಪರದೆಗೆ ಹಾಕಿ ನಿಧಾನವಾಗಿ ನಡೆಸಿದಳು, ಮೊಣಕಾಲಿನಿಂದ ಕೆಳಗೆ ಮಾತ್ರ. ನನ್ನ ಕಾಲನ್ನು ಹಿಂದಿನಿಂದ ನಾನು ಯಾವತ್ತು ನೋಡಿದ್ದೆ? ಹಿಮ್ಮಡಿ ಊರುತ್ತದೆ, ಊರಿದ ಮೇಲೆ ಪಾದದ ಗಿಣ್ಣು ಮೆತ್ತಗೆ ಒಳಗೆ ಕುಸಿಯುತ್ತದೆ, ಅದರ ಹಿಂದೆ ಮೊಣಕಾಲೂ ಒಳಕ್ಕೆ ತಿರುಗುತ್ತದೆ, ಆಮೇಲೆ ಹೆಬ್ಬೆರಳು ನೆಲ ಒದ್ದು ಏಳುತ್ತದೆ. ಏಳುವಾಗ ಬಲಗಾಲು ಒಂದಿಷ್ಟು ಎಳೆದ ಹಾಗೆ ಕಾಣುತ್ತದೆ. ಅಣ್ಣ, ಅದು ನನ್ನ ಓಟವಾಗಿರಲಿಲ್ಲ, ನಿನ್ನದು. ಮೋರಿಕಟ್ಟೆಯ ಮೇಲೆ ಕೂತು ನೀನು ದೂರ ಹೋಗುವುದನ್ನು ಹಿಂದಿನಿಂದ ಎಷ್ಟು ಸಲ ನೋಡಿದ್ದೇನೆ, ಗುರುತು ಸಿಗದೆ ಇರುತ್ತದೆಯೇ? ಅಪ್ಪ ಸ್ಟೂಲಿನಿಂದ ಎದ್ದು ಪರದೆಯ ಹತ್ತಿರ ಹೋದರು. “ಇನ್ನೊಂದ್ಸಲ ತೋರಿಸಮ್ಮ” ಎಂದರು. ತೋರಿಸಿದಳು. ಇನ್ನೊಮ್ಮೆ ಎಂದರು. ಮತ್ತೂ ಒಮ್ಮೆ. ಬೇರೆ ಗಿರಾಕಿಗಳು ಬಂದು ಕಾಯುತ್ತಿದ್ದರು, ಆದರೂ ಆ ಹುಡುಗಿ ಬೇಸರವಿಲ್ಲದೆ ಹಾಕುತ್ತಲೇ ಇದ್ದಳು. ಅಪ್ಪನ ಮೂಗು ಪರದೆಗೆ ತಾಗುವುದೊಂದು ಬಾಕಿ. ಕಾಲು ಒಳಗೆ ಕುಸಿಯುವ ಜಾಗ ಬಂದಾಗ ಬೆರಳಿಟ್ಟು ಮುಟ್ಟಿದರು.

ಆಮೇಲೆ ಕೇಳಿದರು. ಇಂಥ ಕಾಲಿನ ಹುಡುಗನೊಬ್ಬ, ತೆಳು ರಬ್ಬರಿನ ಶೂನಲ್ಲಿ, ಗಟ್ಟಿ ನೆಲದ ಮೇಲೆ, ಬಿಡುವಿಲ್ಲದೆ ದಿನದಿನಕ್ಕೂ ಹೆಚ್ಚು ಓಡಿದರೆ ಏನಾಗುತ್ತದೆ? ಹುಡುಗಿ ವಿಡಿಯೋ ನಿಲ್ಲಿಸಿ ಅವರ ಕಡೆ ತಿರುಗಿದಳು. ಕಾಲು ಒಳಗೆ ವಾಲುವುದು ರೋಗವೇನಲ್ಲ, ಎಲ್ಲರದೂ ಸ್ವಲ್ಪ ವಾಲುತ್ತದೆ, ಹೀಗೆ ವಾಲಿಕೊಂಡೇ ಜೀವನಪೂರ್ತಿ ಚೆನ್ನಾಗಿ ಓಡಿದವರೂ ಇದ್ದಾರೆ ಎಂದಳು. ಶೂ ಒಂದರಿಂದಲೇ ಯಾವುದೂ ಆಗುವುದಿಲ್ಲ. ಆದರೆ ಓಟ ಒಮ್ಮೆಲೇ ಹೆಚ್ಚಿದರೆ ಕೆಲವರಿಗೆ ಕಣಕಾಲಿನ ಮೂಳೆ ನೋಯಲು ಶುರುವಾಗುತ್ತದೆ. ಆಗ ನಿಲ್ಲಿಸಿ ಸುಧಾರಿಸಿಕೊಂಡರೆ ಸರಿಹೋಗುತ್ತದೆ, ನಿಲ್ಲಿಸದಿದ್ದರೆ ಮೂಳೆ ಒಳಗೊಳಗೇ ಬಿರುಕು ಬಿಡಬಹುದು. “ಆದ್ರೆ ನೋಡದೆ ಇರೋ ಕಾಲಿನ ಬಗ್ಗೆ ನಾನು ಹೇಳೋಕಾಗಲ್ಲ ಮೇಷ್ಟ್ರೇ. ನೋವು ಅಂತ ಹೇಳಿದ್ನಾ ಆ ಹುಡುಗ?” ಎಂದು ಕೇಳಿದಳು. ಅಪ್ಪ ‘ಹೇಳಿದ್ದ’ ಎಂದಷ್ಟೇ ಅಂದು ಸ್ಟೂಲಿಗೆ ವಾಪಸು ಬಂದು ಕೂತರು. ನಾನು ಲೇಸು ಕಟ್ಟುವ ನೆಪದಲ್ಲಿ ತಲೆ ತಗ್ಗಿಸಿದೆ.

ಶೂ ಆರಿಸಿದ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಹೋದ ಕೆಲಸವೇ ಬಿಟ್ಟಂತಾಗುತ್ತದೆ. ಒಂದು ಜೊತೆ ಒಳಬದಿಗೆ ಗಟ್ಟಿ ಆಸರೆ ಇದ್ದದ್ದು, ಹಾಕಿದರೆ ಪಾದದಡಿಗೆ ಯಾರೋ ಕೈ ಒಡ್ಡಿದ ಹಾಗೆ, ಆದರೆ ಆ ಕೈ ಸ್ವಲ್ಪ ಒರಟು. ಇನ್ನೊಂದು ಹಾಸಿಗೆಯಷ್ಟು ಮೆತ್ತಗೆ, ನಿಂತರೆ ನಿದ್ದೆ ಬರುವಂಥದ್ದು. ಮೂರನೆಯದು ಎರಡರ ನಡುವಿನದು, ಆಸರೆಯೂ ಇದೆ, ಚುಚ್ಚುವುದಿಲ್ಲ. ಮುಂದೆ ಬೆರಳಿಗೂ ಶೂಗೂ ನಡುವೆ ಒಂದು ಹೆಬ್ಬೆರಳಿನಗಲ ಜಾಗ ಬಿಡಬೇಕು, ಹಿಮ್ಮಡಿ ಜಾರಬಾರದು. ಪ್ರತಿಯೊಂದನ್ನೂ ಹಾಕಿಸಿ ಆ ಹುಡುಗಿ ರಸ್ತೆಯ ತಿರುವಿನವರೆಗೆ ಓಡಿಸಿದಳು. ಸೀರೆ ಅಂಗಡಿಯವರು, ಗಡಿಯಾರ ರಿಪೇರಿಯವರು ಎಲ್ಲ ಹೊರಗೆ ಬಂದು ನಿಂತು ನನ್ನನ್ನು ನೋಡಿದ್ದೇ ನೋಡಿದ್ದು. ಬಣ್ಣ ನೋಡಬೇಡಿ, ಶೂ ಕಂಪನಿಯ ಪುಸ್ತಕದಲ್ಲಿ ಏನು ಬರೆದಿದೆ ಅಂತಲೂ ನೋಡಬೇಡಿ, ಹಾಕಿಕೊಂಡ ಮೇಲೆ ಯಾವುದು ಮರೆತುಹೋಗುತ್ತದೋ ಅದೇ ನಿಮ್ಮದು ಎಂದಳು. ಮರೆತುಹೋದದ್ದು ಮೂರನೆಯದು. ಬಣ್ಣ ಗಿಳಿಹಸಿರು, ಲೇಸು ಕಿತ್ತಳೆ. ಬಿಳಿಯದು ಇಲ್ಲವೇ ಎಂದು ಅಪ್ಪ ಕೇಳಿದರು. ಇಲ್ಲ ಎಂದಾಗ, ಇರಲಿ ಬಿಡು, ಇದನ್ನು ಹಾಕಿಕೊಂಡು ರಸ್ತೆ ದಾಟಿದರೆ ಸಿಗ್ನಲ್ ದೀಪ ಬೇಕಾಗುವುದಿಲ್ಲ ಎಂದರು.

ಬಸ್ ಸ್ಟಾಪಿನಲ್ಲಿ ಹೊಸ ಶೂಗಳ ಡಬ್ಬವನ್ನು ಅವರೇ ತೊಡೆಯ ಮೇಲಿಟ್ಟುಕೊಂಡಿದ್ದರು. ನಮ್ಮ ಬಸ್ಸು ಬಂದು ನಿಂತಿತು, ಅಪ್ಪ ಏಳಲಿಲ್ಲ, ಹೊರಟುಹೋಯಿತು. ಆಗ ಎದುರಿನ ಗೋಡೆ ನೋಡುತ್ತ ಹೇಳಿದರು: “ಬಿದ್ದು ಬಿರುಕು ಬಿಟ್ಟಿದ್ದಲ್ಲ ಅದು. ಬಿರುಕು ಬಿಟ್ಟಿದ್ದಕ್ಕೆ ಬಿದ್ದ.” ಡಬ್ಬದ ಮುಚ್ಚಳ ಒತ್ತಿ ಕೂರಿಸುತ್ತ ಇನ್ನೊಂದು ಮಾತು ಹೇಳಿದರು: “ದಿನಾ ಹಿಂದಿನಿಂದ ನೋಡ್ತಿದ್ದೆ. ಎಲ್ಲಾ ಕಾಲೂ ನನ್ನ ಕಾಲಿನ ಹಾಗೇ ಇರುತ್ತೆ ಅಂದ್ಕೊಂಡಿದ್ದೆ.” ಅಷ್ಟೇ. ಮುಂದಿನ ಬಸ್ಸು ಹತ್ತಿ ಮನೆಗೆ ಬಂದೆವು. ಆ ಮಾತನ್ನು ನಿನಗೆ ತಲುಪಿಸು ಎಂದು ಅವರು ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ನಾನೇ ತಲುಪಿಸುತ್ತಿದ್ದೇನೆ. ಇದನ್ನು ಓದಿ ನಿನಗೆ ಸಿಟ್ಟು ಬಂದರೂ ಬರಬಹುದು. ಇಷ್ಟು ವರ್ಷಕ್ಕೆ ಒಂದು ಪರದೆ ಬೇಕಾಯಿತೇ, ನನ್ನ ಬಾಯಿಮಾತು ಸಾಲಲಿಲ್ಲವೇ, ಅಮ್ಮನ ಹೆಬ್ಬೆರಳು ಸಾಲಲಿಲ್ಲವೇ ಎಂದು. ನನಗೂ ಹಾಗೇ ಅನ್ನಿಸಿತು. ಅನ್ನಿಸಲಿ. ಬೇರೆಯದೂ ಅನ್ನಿಸಿತು, ಅದನ್ನು ಬರೆಯಲು ನನಗೆ ಬರುವುದಿಲ್ಲ.

ಈಗ ಪಾರ್ಕಿನಲ್ಲಿ ಅಪ್ಪನ ಗದರಿಕೆ ಕಡಿಮೆಯಾಗಿದೆ. ಬಂದವರ ಶೂಗಳ ಹಿಂಭಾಗ ನೋಡುವುದೇ ಹೊಸ ಉದ್ಯೋಗ. ಪೇಪರ್ ಓದುವವರಿಗೆ ನಿಮ್ಮದು ಹೊರಗಡೆಗೆ ಸವೆದಿದೆ, ಬದಲಾಯಿಸಿ ಎಂದು ಹೇಳಿದ್ದಾರೆ. ಅವರು ಓಡುವವರೇ ಅಲ್ಲ, ಪಾಪ. ನಾನು ಪ್ರತಿ ಸುತ್ತು ಮುಗಿಸಿ ಹಾದುಹೋಗುವಾಗ ಒಂದೇ ಪ್ರಶ್ನೆ: “ನೋವಿದ್ಯಾ?” ಇಲ್ಲ ಎಂದರೆ ತಲೆ ಆಡಿಸುತ್ತಾರೆ. ಮೊನ್ನೆ ಸ್ವಲ್ಪ ಇದೆ ಎಂದೆ. ಎದ್ದು ನಿಂತು, ‘ಸಾಕು, ನಡಿ ಮನೆಗೆ’ ಎಂದು ಕೋಲು ಹಿಡಿದು ಹೊರಟೇಬಿಟ್ಟರು. ಆ ಪ್ರಶ್ನೆ ನಿನಗೆ ಸಿಗಬೇಕಾಗಿತ್ತು ಅಣ್ಣ. ನಿನ್ನ ಪಾಲಿನದ್ದು ನಾನು ತಿನ್ನುತ್ತಿದ್ದೇನೆ ಅನ್ನಿಸುತ್ತದೆ, ಪ್ರತಿ ಸುತ್ತಿಗೂ.

ಕಾಗದ ಉದ್ದವಾಯಿತು, ಕುಕ್ಕರ್ ಕೂಗುತ್ತಿದೆ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಕಣ್ಣಿಗೆ ಹನಿ ಹಾಕುವುದನ್ನು ತಪ್ಪಿಸಬಾರದೆಂದೂ ಹೇಳು. ನಿನ್ನ ಮಗಳಿಗೆ ಅತ್ತೆಯ ಮುತ್ತು. ಅವಳ ಪಾದ ಹೇಗಿದೆ, ಒಮ್ಮೆ ಬಚ್ಚಲಿನಿಂದ ಬರುವಾಗ ನೋಡಿ ತಿಳಿಸು. ನೀನು ಚೆನ್ನಾಗಿರು, ಎತ್ತರದಲ್ಲಿ ಕೂತಾಗ ಕೆಳಗೆ ನೋಡಬೇಡ, ಊಟ ತಪ್ಪಿಸಬೇಡ.

ಎಲ್ಲಿದ್ದರೂ ನಿನ್ನ ಹಿಂದೆಯೇ ಇರುವ,
ಬಾಲ

ಪುನಶ್ಚ: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು, ಅಂಚೆಯವರು ಡಬ್ಬ ತೆಗೆಯುವ ಹೊತ್ತಾಯಿತು. ಯಾರಿಗೆ ಕಾಗದ ಎಂದು ಅಪ್ಪ ಕೇಳಿದರು, ನಿನಗೆ ಎಂದೆ. ಒಳಗೆ ಹೋದವರು ಸುಮಾರು ಹೊತ್ತು ಬರಲಿಲ್ಲ. ಆಮೇಲೆ ಬಂದು ಅವನ ಪಾದದ ಅಳತೆ ಎಷ್ಟು ಎಂದು ಕೇಳಿದರು. ಒಂಬತ್ತು ಎಂದೆ. ಅದು ಆಗ, ವಯಸ್ಸಾದ ಮೇಲೆ ಪಾದ ಹರಡುತ್ತದೆ, ಸಂಜೆ ಹೊತ್ತು ನಿಂತುಕೊಂಡು ಎರಡೂ ಪಾದ ಕಾಗದದ ಮೇಲೆ ಬರೆದು ಕಳಿಸಲು ಹೇಳು ಎಂದರು. ಸರಿ ಎಂದು ನಾನು ಚಪ್ಪಲಿ ಮೆಟ್ಟಿ ಗೇಟು ತೆಗೆದಿದ್ದೆ. ಹಿಂದಿನಿಂದ ಕರೆದರು, ಮುಖ ಬೇರೆ ಕಡೆ ತಿರುಗಿಸಿಕೊಂಡೇ. “ಕಾಗದ ಯಾಕೆ. ಓಡೋದನ್ನ ನೋಡದೆ ಶೂ ಆರಿಸೋಕಾಗಲ್ಲ. ಬರೋಕೆ ಹೇಳು.”